ಅಂಗಡಿ ಪೂಜೆಗೆ ಕರೆಯಲಾಗದವರಿಗೆ

ಹೋದ ಶುಕ್ರವಾರ ನಮ್ಮ ಹೊಲಿಗೆ ಅಂಗಡಿಯ ಪೂಜೆ ಆಯಿತು. ಹತ್ತಡಿಗೆ ಹನ್ನೆರಡಡಿ ಜಾಗ. ಎರಡು ಮಷಿನ್, ಒಂದು ಓವರ್‌ಲಾಕ್, ಒಂದು ಇಸ್ತ್ರಿ ಟೇಬಲ್. ಬಂದವರಿಗೆಲ್ಲ ಕೇಸರಿಬಾತು, ಚಿತ್ರಾನ್ನ ಕೊಟ್ಟೆವು. ನಾನು ದುಡಿಯುತ್ತಿದ್ದ ಗಾರ್ಮೆಂಟ್ಸ್ ಫ್ಯಾಕ್ಟರಿಯ ಹಳೆ ಲೈನಿನ ಹೆಂಗಸರು ಹದಿನೇಳು ಜನ ಬಂದಿದ್ದರು. ಒಬ್ಬಳಂತೂ ಬಂದವಳೇ ಮಷಿನ್ ಮೇಲೆ ಕೂತು, "ಟಾರ್ಗೆಟ್ ಎಷ್ಟು ಮೇಡಂ?" ಅಂತ ಕೇಳಿ ಎಲ್ಲರನ್ನೂ ನಗಿಸಿದಳು.

ಬಂದವರಿಗೆ ಥ್ಯಾಂಕ್ಸ್ ಅಲ್ಲೇ ಹೇಳಿದ್ದೇನೆ. ಈ ಬರಹ ನಾನು ಕರೆಯೋಕೆ ಆಗದವರಿಗೆ. ಅವರಲ್ಲಿ ಹೆಚ್ಚಿನವರ ಹೆಸರು ನನಗೆ ಗೊತ್ತಿಲ್ಲ. ಫೋನ್ ನಂಬರ್ ಇಲ್ಲ. 2016ರ ಏಪ್ರಿಲ್ 19, ಮಂಗಳವಾರ, ಪಿಎಫ್ ನಿಯಮದ ವಿರುದ್ಧ ನಾವು ಗಾರ್ಮೆಂಟ್ಸ್ ಹೆಂಗಸರು ರಸ್ತೆಗೆ ಇಳಿದ ದಿನ, ಒಂದೇ ಒಂದು ದಿನ ನೋಡಿದ ಮುಖಗಳು.

ಪೂಜೆಯ ದಿನ ತಂಗಿಯ ಗಂಡ ಕೇಳಿದರು, "ಅಕ್ಕಾ, ಸಾಲ ಎಷ್ಟಾಯ್ತು?" ಸಾಲ ಮಾಡಿಲ್ಲ, ಪಿಎಫ್ ದುಡ್ಡು, ಅಂದರೆ ಸಂಬಳದಲ್ಲಿ ಹಿಡಿದು ಕೂಡಿಟ್ಟ ಭವಿಷ್ಯ ನಿಧಿ ಅಂದೆ. ಅವರು ಅಷ್ಟಕ್ಕೇ ಸುಮ್ಮನಾದರು. ನನಗೆ ಮಾತ್ರ ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಪಿಎಫ್ ಅಂದ ಕೂಡಲೇ ನನ್ನ ಮೂಗಿಗೆ ಈಗಲೂ ರಾಗಿ ಹಿಟ್ಟಿನ ವಾಸನೆ ಬರುತ್ತದೆ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ನಾನು ಮಳವಳ್ಳಿ ಕಡೆಯವಳು. ಮದುವೆಯಾಗಿ ಬೆಂಗಳೂರಿನ ಹೊಸೂರು ರಸ್ತೆಯ ಕಡೆ ಬಂದೆ, 2007ರಲ್ಲಿ ಗಾರ್ಮೆಂಟ್ಸ್ ಸೇರಿದೆ. ಮೊದಲು ಹೆಲ್ಪರ್, ಆಮೇಲೆ ಟೈಲರ್. ನನ್ನ ಕೆಲಸ ಕಾಲರ್ ಕೂರಿಸೋದು. ಶರ್ಟು ಪೂರ್ತಿ ಹೇಗಿರುತ್ತದೆ ಅಂತ ನಾವು ನೋಡುವುದು ಕಡಿಮೆ. ಒಬ್ಬಳಿಗೆ ಕಾಲರ್, ಒಬ್ಬಳಿಗೆ ಕಫ್, ಒಬ್ಬಳಿಗೆ ಜೇಬು. 2016ರ ಹೊತ್ತಿಗೆ ತಿಂಗಳಿಗೆ ಏಳು ಸಾವಿರದ ಹತ್ತಿರ ಬರುತ್ತಿತ್ತು. ಮನೆ ಬಾಡಿಗೆ, ರೇಷನ್, ಚೀಟಿ, ಸಂಘದ ಸಾಲದ ಕಂತು ಕೊಟ್ಟರೆ ಖಾಲಿ. ನಮ್ಮ ಕೈಗೆ ಸಿಗದೆ ಉಳಿಯುತ್ತಿದ್ದ ದುಡ್ಡು ಅಂದರೆ ಪಿಎಫ್ ಒಂದೇ. ಕೈಗೆ ಸಿಗುತ್ತಿರಲಿಲ್ಲ, ಅದಕ್ಕೇ ಉಳಿಯುತ್ತಿತ್ತು.

ಹೊರಗಿನವರಿಗೆ ಇದು ಅರ್ಥ ಆಗೋದು ಕಷ್ಟ. ಗಾರ್ಮೆಂಟ್ಸ್‌ನಲ್ಲಿ ನಾಲ್ಕೈದು ವರ್ಷ ದುಡಿದು, ಕೆಲಸ ಬಿಟ್ಟು, ಎರಡು ತಿಂಗಳು ಕಾದು ಪಿಎಫ್ ತೆಗೆಯುತ್ತಿದ್ದೆವು. ಮಗಳ ಮದುವೆ, ಮಗನ ಫೀಸು, ಊರಿನ ಮನೆಯ ಸೂರು, ಆಪರೇಷನ್. ಆಮೇಲೆ ಪಕ್ಕದ ಕಂಪನಿಯಲ್ಲಿ ಹೊಸದಾಗಿ ಸೇರುವುದು. ಓದಿದವರು ಇದನ್ನು ಬುದ್ಧಿಗೇಡಿತನ ಅನ್ನುತ್ತಾರೆ, ಮುಪ್ಪಿಗೆ ಇಡಬೇಕಿತ್ತು ಅನ್ನುತ್ತಾರೆ. ನಮ್ಮ ಫ್ಲೋರಿನಲ್ಲಿ ಐವತ್ತು ದಾಟಿದ ಟೈಲರ್ ಒಬ್ಬರೂ ಇರಲಿಲ್ಲ. ನಲವತ್ತಕ್ಕೆ ಸೊಂಟ ಹೋಗುತ್ತದೆ, ಕಣ್ಣು ಮಂಜಾಗುತ್ತದೆ, ಟಾರ್ಗೆಟ್ ಮುಟ್ಟಲ್ಲ ಅಂತ ಬೈಗುಳ ಶುರುವಾಗುತ್ತದೆ.

ಅಂಥದ್ದರಲ್ಲಿ 2016ರ ಫೆಬ್ರವರಿ 10ರಂದು ಕೇಂದ್ರ ಸರ್ಕಾರ ಒಂದು ಅಧಿಸೂಚನೆ ಹೊರಡಿಸಿತು. ಸಂಬಳದಲ್ಲಿ ನಮ್ಮದು ಶೇ. 12 ಹೋಗುತ್ತದೆ, ಕಂಪನಿಯದು ಶೇ. 12. ಕಂಪನಿಯ ಪಾಲಿನಲ್ಲಿ 8.33 ಪಿಂಚಣಿಗೆ, ಉಳಿದ 3.67 ಪಿಎಫ್‌ಗೆ. ಆ 3.67 ಮತ್ತು ಅದರ ಬಡ್ಡಿಯನ್ನು 58 ವರ್ಷ ಆಗುವ ತನಕ ತೆಗೆಯುವ ಹಾಗಿಲ್ಲ ಅಂತ ಹೊಸ ನಿಯಮ. ಏಳು ಸಾವಿರ ಸಂಬಳಕ್ಕೆ ಲೆಕ್ಕ ಹಾಕಿದರೆ ತಿಂಗಳಿಗೆ 257 ರೂಪಾಯಿ. ಇಷ್ಟು ಕರಾರುವಾಕ್ಕಾಗಿ ನನಗೆ ಆಗ ಗೊತ್ತಿರಲಿಲ್ಲ, ನಿಜ ಹೇಳಬೇಕು. ನಮ್ಮ ಫ್ಲೋರಿನಲ್ಲಿ ಹಬ್ಬಿದ್ದು "58 ವರ್ಷದ ತನಕ ಪಿಎಫ್ ಇಲ್ವಂತೆ" ಅನ್ನುವ ಒಂದೇ ಮಾತು. ಪೂರ್ತಿ ದುಡ್ಡೇ ಹೋಯಿತು ಅಂದುಕೊಂಡೆವು. ಕಂಪನಿಯಲ್ಲಿ ಕೂತು ಬಿಡಿಸಿ ಹೇಳುವವರು ಯಾರೂ ಇರಲಿಲ್ಲ. ಹೇಳಿದ್ದರೂ ನಂಬುತ್ತಿದ್ದೆವಾ? ಗೊತ್ತಿಲ್ಲ.

ಏಪ್ರಿಲ್ 18, ಸೋಮವಾರ ಬೊಮ್ಮನಹಳ್ಳಿಯ ಹೆಂಗಸರು ರಸ್ತೆಗೆ ಇಳಿದರು. ಸಾವಿರಾರು ಜನ. ಹೊಸೂರು ರಸ್ತೆ ಗಂಟೆಗಟ್ಟಲೆ ನಿಂತುಹೋಯಿತು. ಕರೆ ಕೊಟ್ಟ ಲೀಡರ್ ಅಂತ ಯಾರೂ ಇರಲಿಲ್ಲ, ಮೈಕೂ ಇರಲಿಲ್ಲ. ಊಟದ ಹೊತ್ತಿಗೆ ನಮಗೆ ಫೋನಿನಲ್ಲಿ ಸುದ್ದಿ ಬಂತು. ಮಾರನೇ ದಿನ ನಾವೂ ಎದ್ದೆವು.

ಮೊದಲು ಎದ್ದಿದ್ದು ಹೊಲಿದ ಪೀಸು ಪರೀಕ್ಷಿಸುವ ನಮ್ಮ ಲೈನಿನ ಚೆಕ್ಕರ್ ಅಕ್ಕ. ಅವರಿಗೇ ನನ್ನ ಮೊದಲ ಥ್ಯಾಂಕ್ಸ್. ಹದಿನೈದು ವರ್ಷದಲ್ಲಿ ಸೂಪರ್‌ವೈಸರಿಗೆ ಎದುರು ಮಾತಾಡಿದವರಲ್ಲ. ಅವತ್ತು ಕೈಯಲ್ಲಿದ್ದ ದಾರ ಕತ್ತರಿಸುವ ಟ್ರಿಮ್ಮರ್ ಟೇಬಲ್ ಮೇಲಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, "ನಾನು ಹೋಗ್ತೀನಿ ಕಣ್ರೇ, ಬರೋರು ಬನ್ನಿ" ಅಂದರು. ಅಷ್ಟೇ. ಮಷಿನ್‌ಗಳ ಸದ್ದು ಒಂದೊಂದಾಗಿ ನಿಲ್ಲುತ್ತಾ ಬಂತು. ಕೊನೆಗೆ ಫ್ಯಾನಿನ ಸದ್ದು ಮಾತ್ರ ಉಳಿಯಿತು. ಆ ಫ್ಲೋರಿನಲ್ಲಿ ಫ್ಯಾನಿಗೆ ಸದ್ದಿದೆ ಅಂತ ನನಗೆ ಗೊತ್ತಾಗಿದ್ದೇ ಅವತ್ತು. ಅಕ್ಕ ಈಗ ಇಲ್ಲ. ಕೊರೊನಾ ಎರಡನೇ ಅಲೆಯಲ್ಲಿ ಹೋದರು.

ಹೆಬ್ಬಗೋಡಿಯ ಹತ್ತಿರ ಹೆದ್ದಾರಿ ಮೇಲೆ ಕೂತೆವು. ಆ ವರ್ಷದ ಬಿಸಿಲು ನಿಮಗೂ ನೆನಪಿರಬಹುದು. ಅದಾಗಿ ಒಂದು ವಾರದೊಳಗೆ ಬೆಂಗಳೂರಿನಲ್ಲಿ 39.2 ಡಿಗ್ರಿ ದಾಖಲಾಯಿತು. ಟಾರು ಕಾದು ಸೀರೆಯ ಮೇಲಿಂದಲೇ ಸುಡುತ್ತಿತ್ತು. ಊಟದ ಡಬ್ಬಿ ಬಿಚ್ಚಿ ಅಲ್ಲೇ ಹಂಚಿಕೊಂಡೆವು. ಪಕ್ಕದಲ್ಲಿ ಒಡಿಶಾದ ಒಂದು ಹುಡುಗಿ. ಹಾಸ್ಟೆಲ್‌ನಲ್ಲಿದ್ದು ಕೆಲಸ ಮಾಡುತ್ತಿದ್ದಳು, ಹತ್ತೊಂಬತ್ತು ಇರಬಹುದು. ಅವಳಿಗೆ ಬರುತ್ತಿದ್ದ ಕನ್ನಡ ನಾಲ್ಕೇ ಮಾತು: ಅಕ್ಕ, ಬೇಗ, ಪೀಸು, ಊಟ. "ನಿಂಗ್ಯಾಕೆ ಬೇಕಿತ್ತು?" ಅಂತ ಸನ್ನೆಯಲ್ಲಿ ಕೇಳಿದೆ. "ಪಿಎಫ್, ಅಕ್ಕ" ಅಂದಳು. ಐದನೇ ಮಾತು.

ಗಲಾಟೆ ಯಾವಾಗ ಶುರುವಾಯಿತು ಅಂತ ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ. ಕೂತವರಿಗೆ ಮುಂದಿನವರ ಬೆನ್ನು ಮಾತ್ರ ಕಾಣುತ್ತದೆ. ಸ್ವಲ್ಪ ಹೊತ್ತಿಗೆ ನಮ್ಮ ಸುತ್ತ ಗಂಡಸರು ಜಾಸ್ತಿಯಾದರು. ಕೆಲವರು ನಮ್ಮ ಥರದ ಕಾರ್ಮಿಕರೇ, ಕುತ್ತಿಗೆಯಲ್ಲಿ ಐಡಿ ಕಾರ್ಡ್ ಇತ್ತು. ಕೆಲವರನ್ನು ನಾನು ಮುಂಚೆ ಯಾವತ್ತೂ ನೋಡಿರಲಿಲ್ಲ. "ಕಲ್ಲು ಹೊಡೆದವರೆಲ್ಲ ಹೊರಗಿನವರು" ಅಂತ ಆಮೇಲೆ ತುಂಬ ಜನ ಹೇಳಿದರು. ಹಾಗೆ ಹೇಳಿಬಿಟ್ಟರೆ ನಮಗೂ ಸಲೀಸು. ಆದರೆ ನಮ್ಮ ಕಟಿಂಗ್ ಸೆಕ್ಷನ್ನಿನ ಒಬ್ಬ ಹುಡುಗನ ಕೈಯಲ್ಲಿ ಕಲ್ಲಿದ್ದದ್ದನ್ನು ನಾನೇ ನೋಡಿದ್ದೇನೆ.

ಈಗ ಆ ಬಸ್ಸಿನ ಮಾತು. ನಮ್ಮಿಂದ ಐವತ್ತು ಹೆಜ್ಜೆ ದೂರದಲ್ಲಿ ಒಂದು ಬಸ್ಸು ಸಿಕ್ಕಿಹಾಕಿಕೊಂಡಿತ್ತು. ಡ್ರೈವರ್ ಅಣ್ಣ ಪ್ರಯಾಣಿಕರನ್ನೆಲ್ಲ ಇಳಿಸಿ, ಒಬ್ಬ ಮುದುಕರನ್ನು ಕೈ ಹಿಡಿದು ರಸ್ತೆ ಪಕ್ಕಕ್ಕೆ ಬಿಟ್ಟು, ವಾಪಸ್ ಬಸ್ಸಿನ ಹತ್ತಿರ ಹೋದರು. ಆಗ ಮುಂದಿನ ಗಾಜು ಒಡೆಯಿತು. ಯಾರೋ ಅವರ ಶರ್ಟು ಹಿಡಿದು ಎಳೆದಾಡಿದರು. ನಾವೊಂದಿಷ್ಟು ಹೆಂಗಸರು ಕೂಗಿಕೊಂಡು ಓಡಿ ಬಿಡಿಸಿದೆವು. ಅವರ ಹಣೆಯಲ್ಲಿ ರಕ್ತ. ಖಾಕಿ ಶರ್ಟಿನ ಕಾಲರ್ ಒಂದು ಕಡೆ ಪೂರ್ತಿ ಕಿತ್ತು ಜೋತಾಡುತ್ತಿತ್ತು. ದಿನಕ್ಕೆ ನೂರಾರು ಕಾಲರ್ ಕೂರಿಸುವವಳು ನಾನು. ಅಷ್ಟು ಗದ್ದಲದಲ್ಲೂ ನನ್ನ ಕಣ್ಣು ಹೋಗಿದ್ದು ಅಲ್ಲಿಗೇ. ಅವರು ನನ್ನ ಮುಖ ನೋಡಿ, "ನಂಗೂ ಪಿಎಫ್ ಇದೆ ಕಣಮ್ಮಾ" ಅಂದರು. ಸಿಟ್ಟಿನಿಂದಲೂ ಅಲ್ಲ. ಸುಮ್ನೆ ಹೇಳಿದರು. ನಾನು ಬಾಯಿ ಬಿಡಲಿಲ್ಲ. ನೀರಿನ ಬಾಟಲಿ ಕೊಟ್ಟೆ, ಅವರು ತೆಗೆದುಕೊಳ್ಳಲಿಲ್ಲ.

ಅಷ್ಟರಲ್ಲಿ ಪೊಲೀಸ್ ಠಾಣೆಯ ಕಡೆಯಿಂದ ಕಪ್ಪು ಹೊಗೆ ಎದ್ದಿತು. ಠಾಣೆಗೆ ಕಲ್ಲು ತೂರಿದ್ದರು, ಅಲ್ಲಿ ಜಪ್ತಿ ಮಾಡಿ ನಿಲ್ಲಿಸಿದ್ದ ಗಾಡಿಗಳಿಗೆ ಬೆಂಕಿ ಬಿದ್ದಿತ್ತು. ಲಾಠಿ ಚಾರ್ಜ್ ಆಯಿತು, ಅಶ್ರುವಾಯು ಬಂತು. ಪಟಪಟ ಅಂತ ಸದ್ದಾಯಿತು. ಗಾಳಿಯಲ್ಲಿ ಗುಂಡು ಹಾರಿಸಿದರು ಅಂತ ಆಮೇಲೆ ಗೊತ್ತಾಯಿತು. ಚಪ್ಪಲಿಗಳು, ಡಬ್ಬಿಗಳು, ದುಪಟ್ಟಾಗಳು ರಸ್ತೆ ತುಂಬ ಬಿದ್ದಿದ್ದವು.

ಒಬ್ಬ ಮಹಿಳಾ ಪೇದೆ ನನಗೆ ಎದುರಾದರು. ಕೈಯಲ್ಲಿ ಲಾಠಿ. ನಾನು ಕಣ್ಣು ಮುಚ್ಚಿಕೊಂಡೆ. ಏಟು ಬೀಳಲಿಲ್ಲ. ಅವರು ಲಾಠಿಯನ್ನು ಅಡ್ಡ ಹಿಡಿದು ನನ್ನನ್ನೂ ಆ ಒಡಿಶಾ ಹುಡುಗಿಯನ್ನೂ ಒಂದು ಗಲ್ಲಿಯೊಳಗೆ ತಳ್ಳಿ, "ಈ ಕಡೆ ಓಡ್ರೇ, ಆ ಕಡೆ ಹೋಗ್ಬೇಡಿ, ಸಾಯ್ತೀರ" ಅಂದರು. ಅವರ ಕಣ್ಣಲ್ಲೂ ನೀರು ಸುರಿಯುತ್ತಿತ್ತು, ಅದೇ ಗ್ಯಾಸಿಗೆ. ನನ್ನ ಗೆಳತಿಯರಲ್ಲಿ ಹಲವರಿಗೆ ಅವತ್ತು ಬಾಸುಂಡೆ ಬಂದಿದೆ. ಪೊಲೀಸರನ್ನು ಹೊಗಳಿದರೆ ಅವರು ನನ್ನನ್ನು ಬಿಡುವುದಿಲ್ಲ. ಹೊಗಳುತ್ತಿಲ್ಲ. ಆ ಒಬ್ಬರಿಗೆ ಥ್ಯಾಂಕ್ಸ್ ಹೇಳುತ್ತಿದ್ದೇನೆ, ಅಷ್ಟೇ.

ಗಲ್ಲಿಯ ಕೊನೆಗೆ ಒಂದು ಶೀಟಿನ ಮನೆ, ಮುಂದೆ ಹಸು ಕಟ್ಟುವ ಜಾಗ. ಬಾಗಿಲಲ್ಲಿ ಒಬ್ಬ ಅಜ್ಜಿ ನಿಂತಿದ್ದರು. ಆನೇಕಲ್ ಕಡೆಯ ತೆಲುಗು ಮಾತಿನವರು. "ರಾ ಅಮ್ಮಾ, ಲೋಪಲಿಕಿ ರಾ" ಅಂತ ಒಬ್ಬೊಬ್ಬರನ್ನೇ ರಟ್ಟೆ ಹಿಡಿದು ಒಳಗೆ ಎಳೆದುಕೊಂಡರು. ಹದಿನಾಲ್ಕು ಜನ ಆದೆವು. ಬಾಗಿಲು ಹಾಕಿದ ಅಜ್ಜಿ ಮೊದಲು ಮಾಡಿದ ಕೆಲಸ ಏನು ಗೊತ್ತಾ? ನಮ್ಮ ಕುತ್ತಿಗೆಯಿಂದ ಐಡಿ ಕಾರ್ಡ್‌ಗಳನ್ನು ಬಿಚ್ಚಿಸಿ, ಹದಿನಾಲ್ಕನ್ನೂ ರಾಗಿ ಹಿಟ್ಟಿನ ಡಬ್ಬದೊಳಗೆ ಹೂತಿಟ್ಟರು. ಪೊಲೀಸರು ಬಂದು ಕೇಳಿದರೆ ಮೊಮ್ಮಗಳ ಸೀಮಂತಕ್ಕೆ ಬಂದವರು ಅಂತ ಹೇಳಿ ಅಂದರು. ಮೈಯೆಲ್ಲ ಧೂಳು, ಕಣ್ಣು ಕೆಂಡ, ಕಾಲಲ್ಲಿ ಚಪ್ಪಲಿಯಿಲ್ಲ. ಸೀಮಂತಕ್ಕೆ ಬಂದವರ ಗೆಟಪ್ಪೇ ಅದು! ಅಷ್ಟು ಭಯದಲ್ಲೂ ಚೆಕ್ಕರ್ ಅಕ್ಕನಿಗೆ ನಗು ತಡೆಯಲಾಗಲಿಲ್ಲ. ಯಾರೂ ಬಂದು ಕೇಳಲಿಲ್ಲ, ಬಿಡಿ.

ಒಂದು ಬಿಂದಿಗೆ ನೀರಿನಲ್ಲಿ ಎಲ್ಲರೂ ಕಣ್ಣು ತೊಳೆದುಕೊಂಡೆವು. ಅಜ್ಜಿ ಮಜ್ಜಿಗೆಗೆ ನೀರು ಬೆರೆಸಿ ಬೆರೆಸಿ ಹದಿನಾಲ್ಕು ಜನಕ್ಕೂ ಸಾಲುವಂತೆ ಮಾಡಿದರು. ಟಿವಿ ಹಾಕಿದರೆ ಜಾಲಹಳ್ಳಿ ಕ್ರಾಸ್, ಪೀಣ್ಯ, ಉರಿಯುತ್ತಿರುವ ಬಸ್ಸುಗಳು. ಮೊದಲು ನಿಯಮವನ್ನು ಜುಲೈ 31ರ ತನಕ ಮುಂದೂಡಿದ್ದಾರೆ ಅಂತ ಬಂತು. ಯಾರೂ ಖುಷಿಪಡಲಿಲ್ಲ. ಕೆಲವು ಗಂಟೆ ಕಳೆದ ಮೇಲೆ, ಅಧಿಸೂಚನೆಯನ್ನೇ ವಾಪಸ್ ಪಡೆದಿದ್ದೇವೆ ಅಂತ ಕಾರ್ಮಿಕ ಸಚಿವ ಬಂಡಾರು ದತ್ತಾತ್ರೇಯ ಹೇಳಿದರು. ಅಜ್ಜಿ, "ನೋಡಿ, ನಮ್ಮ ತೆಲುಗು ಮನುಷ್ಯ" ಅಂದರು. ತಾವೇ ಮಾತಾಡಿ ಒಪ್ಪಿಸಿದ ಹಾಗೆ.

ನಾವು ಕುಣಿಯಲಿಲ್ಲ. ಒಬ್ಬಳು ಅತ್ತಳು. ಒಡಿಶಾದ ಹುಡುಗಿ ಹಾಸ್ಟೆಲ್ ಗೇಟ್ ಹಾಕಿಬಿಡುತ್ತಾರೆ ಅಂತ ಒದ್ದಾಡುತ್ತಿದ್ದಳು. ಕತ್ತಲಾದ ಮೇಲೆ ಅಕ್ಕ ಮತ್ತು ನಾನು ಅವಳನ್ನು ಒಳರಸ್ತೆಯಲ್ಲಿ ನಡೆಸಿಕೊಂಡು ಹೋಗಿ ಬಿಟ್ಟು ಬಂದೆವು. ನಾನು ಮನೆಗೆ ಬಂದಾಗ ಒಂಬತ್ತು ವರ್ಷದ ಮಗಳು ವಠಾರದ ಪಕ್ಕದ ಮನೆಯಲ್ಲಿ ಉಂಡು ಮಲಗಿದ್ದಳು. "ನಿಮ್ಮಮ್ಮ ಓವರ್‌ಟೈಮ್ ಮಾಡ್ತಿದಾಳೆ" ಅಂತ ಹೇಳಿ ಮಲಗಿಸಿದ್ದರು ಆಂಟಿ. ಅವರಿಗೂ ಥ್ಯಾಂಕ್ಸ್. ಪೂಜೆಗೆ ಬಂದಿದ್ದರು, ಆದರೂ ಇನ್ನೊಂದು ಸಲ.

ಆಮೇಲೆ ಕೆಲವು ದಿನ ವಠಾರದಲ್ಲಿ ಸಂಜೆಯಾದರೆ ಲೈಟ್ ಆರಿಸಿ ಕೂರುತ್ತಿದ್ದೆವು. ಗಲಾಟೆಯ ಕೇಸಿನಲ್ಲಿ ಹಿಡಿದುಕೊಂಡು ಹೋಗುತ್ತಿದ್ದಾರೆ ಅನ್ನುವ ಭಯ. ಕಂಪನಿ ಎರಡು ದಿನದ ಸಂಬಳ ಹಿಡಿಯಿತು. ಅದೇ ಸೆಪ್ಟೆಂಬರ್ 12ರಂದು ಕಾವೇರಿ ಗಲಾಟೆಯಲ್ಲಿ ಬೆಂಗಳೂರಿನಲ್ಲಿ ಮತ್ತೆ ಬಸ್ಸುಗಳು ಉರಿದವು. ಅವತ್ತು ನಾನು ಮನೆ ಬಿಟ್ಟು ಹೊರಗೆ ಬರಲಿಲ್ಲ. ಟಿವಿಯನ್ನೂ ಹಾಕಲಿಲ್ಲ.

ಬಸ್ಸು ಸುಟ್ಟಿದ್ದಕ್ಕೇ ಸರ್ಕಾರ ಬಗ್ಗಿತು ಅಂತ ಹೇಳುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಸುಮಾರು ಐದು ಲಕ್ಷ ಜನ ದುಡಿಯುವ ಕಡೆ ಮಷಿನ್‌ಗಳು ನಿಂತದ್ದು ಸಣ್ಣ ವಿಷಯವಲ್ಲ ಅಲ್ವಾ? ಆದರೆ ಅಜ್ಜಿಯ ಮನೆಯ ಟಿವಿಯಲ್ಲಿ ನಾನು ನೋಡಿದ್ದು ಬೆಂಕಿಯನ್ನೇ, ರಸ್ತೆಯಲ್ಲಿ ಕೂತ ಹೆಂಗಸರನ್ನಲ್ಲ. ಹಾಗಾಗಿ ಆಣೆ ಮಾಡಿ ಹೇಳಲಾರೆ.

2017ರಲ್ಲಿ ಕೆಲಸ ಬಿಟ್ಟು ಪಿಎಫ್ ತೆಗೆದೆ. ಊರಿನ ಮನೆಗೆ ಸೂರು ಬಂತು. ಮತ್ತೆ ಬೇರೆ ಕಂಪನಿ ಸೇರಿ ಎಂಟು ವರ್ಷ ದುಡಿದೆ. ಈ ಸಲ ಬಂದದ್ದು ಎರಡು ಲಕ್ಷಕ್ಕೆ ಸ್ವಲ್ಪ ಕಡಿಮೆ. ಅದೇ ಈ ಅಂಗಡಿ.

ಪೂಜೆಗೆ ಮುಂಚೆ ಅಜ್ಜಿಯನ್ನು ಕರೆಯಲು ಹೋಗಿದ್ದೆ. ಹಳದಿ ಮೆಟ್ರೊ ಬಂದ ಮೇಲೆ ಆ ಕಡೆ ಗುರುತೇ ಸಿಗುವುದಿಲ್ಲ. ಗಲ್ಲಿ ಸಿಕ್ಕಿತು. ಶೀಟಿನ ಮನೆ ಇದ್ದ ಕಡೆ ಐದು ಅಂತಸ್ತಿನ ಪಿಜಿ. ಕೆಳಗೆ ಜೆರಾಕ್ಸ್ ಅಂಗಡಿಯವನನ್ನು ಕೇಳಿದರೆ, ಯಾವ ಅಜ್ಜಿ ಅಂದ. ಅವತ್ತಿನ ಐಡಿ ಕಾರ್ಡ್ ಇನ್ನೂ ನನ್ನ ಹತ್ತಿರ ಇದೆ. ಪ್ಲಾಸ್ಟಿಕ್ ಕವರಿನ ಮೂಲೆಯಲ್ಲಿ ಹಿಟ್ಟು ಸೇರಿಕೊಂಡು ಗಟ್ಟಿಯಾಗಿದೆ. ಕಲ್ಲಿನ ಹಾಗೆ. ತೆಗೆಯಲು ಮನಸ್ಸಾಗಿಲ್ಲ.

ಡ್ರೈವರ್ ಅಣ್ಣ, ನಿಮಗೆ ಮಾತ್ರ ಥ್ಯಾಂಕ್ಸ್ ಅಲ್ಲ, ಕ್ಷಮೆ ಕೇಳಬೇಕು. ಅವತ್ತು ಬಾಯಿಗೆ ಬರಲಿಲ್ಲ. ಇದನ್ನು ಓದಿದವರಲ್ಲಿ ಯಾರಿಗಾದರೂ ಅವರ ಗುರುತಿದ್ದರೆ ದಯವಿಟ್ಟು ಹೇಳಿ. ಎಡ ಹುಬ್ಬಿನ ಮೇಲೆ ಗಾಯದ ಕಲೆ ಉಳಿದಿರಬಹುದು. ಇನ್ನೂ ಸರ್ವೀಸ್‌ನಲ್ಲಿದ್ದರೆ ಎರಡು ಜೊತೆ ಖಾಕಿ ಹೊಲಿದು ಕೊಡುತ್ತೇನೆ. ರಿಟೈರ್ ಆಗಿದ್ದರೆ ಬಿಳಿ ಶರ್ಟು. ಅಳತೆ ಕೊಡಲು ಬರಬೇಕಾಗಿಲ್ಲ, ಹಳೆಯದೊಂದು ಶರ್ಟು ಕಳಿಸಿದರೆ ಸಾಕು.