ಗೋಲು ತಡೆದವರ ಬಗ್ಗೆಯೂ ಬರೆಯಿರಿ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಆಸ್ಟ್ರೇಲಿಯನ್ ಫುಟ್‌ಬಾಲ್ ಬಗ್ಗೆ ಬಂದ ಲೇಖನ ಓದಿ ತುಂಬಾ ಖುಷಿಯಾಯಿತು. ಜಿಲಾಂಗ್‌ನಲ್ಲಿರುವ ನಮಗೆ ಈ ಆಟದ ಬಗ್ಗೆ ಕನ್ನಡದಲ್ಲಿ ಓದಲು ಸಿಗುವುದೇ ಅಪರೂಪ. ಆದರೆ ಅದರಲ್ಲಿದ್ದ ಹೆಸರೆಲ್ಲ ಗೋಲು ಹೊಡೆದವರದೇ. 98 ಪಂದ್ಯಗಳಲ್ಲಿ 537 ಗೋಲು ಹೊಡೆದ ಜಾನ್ ಕೋಲ್ಮನ್ ಬಗ್ಗೆ ಅರ್ಧ ಪುಟ ಬರೆದಿದ್ದೀರಿ. ಬರೆಯಬೇಕಾದ್ದೇ. ಅದೇ ಕಾಲದ ಬರ್ನಿ ಸ್ಮಿತ್ ಬಗ್ಗೆ ಒಂದು ಸಾಲೂ ಇಲ್ವಲ್ಲ ಅಂತ ಬೇಸರವಾಯಿತು.

ಸ್ಮಿತ್ ಅಡಿಲೇಡ್ ಕಡೆಯವರು. 1948ರಿಂದ 1958ರವರೆಗೆ ಜಿಲಾಂಗ್ ತಂಡದ ಪರ 183 ಪಂದ್ಯ ಆಡಿದರು. ಅವರು ಆಡುತ್ತಿದ್ದ ಜಾಗ ಬ್ಯಾಕ್ ಪಾಕೆಟ್, ಅಂದರೆ ತಮ್ಮ ಗೋಲು ಕಂಬಗಳ ಪಕ್ಕದ ಮೂಲೆ. ಇಲ್ಲಿನ ಕಾರ್ಡಿನಿಯಾ ಪಾರ್ಕ್ ಮೈದಾನದಲ್ಲಿ ಕಂಬಗಳ ಹಿಂದೆ ಕೂತು ನೋಡಿದರೆ ಆ ಜಾಗದ ಕಷ್ಟ ಗೊತ್ತಾಗುತ್ತದೆ. ಚೆಂಡು ಮೊಟ್ಟೆಯಾಕಾರದಲ್ಲಿ ಇರುವುದರಿಂದ ನೆಲಕ್ಕೆ ಬಿದ್ದರೆ ಯಾವ ಕಡೆ ಪುಟಿಯುತ್ತೆ ಅಂತ ಹೇಳೋಕಾಗಲ್ಲ. ಎದುರಾಳಿ ಬೆನ್ನಿಗೇ ಇರುತ್ತಾನೆ. ಒಂದು ಹೆಜ್ಜೆ ತಪ್ಪಿದರೆ ಒಂದು ಗೋಲು, ಅಂದರೆ 6 ಅಂಕ ಹೋಯಿತು.

ಆಗ ಆ ಮೂಲೆಯವರಿಂದ ಜನ ಬಯಸುತ್ತಿದ್ದದ್ದು ಇಷ್ಟೇ: ಎದುರಾಳಿಗೆ ಅಂಟಿಕೊಂಡಿರು, ಚೆಂಡನ್ನು ಹೇಗಾದರೂ ಆಚೆ ಕಳಿಸು. ಸ್ಮಿತ್ ಅಷ್ಟಕ್ಕೆ ನಿಲ್ಲಲಿಲ್ಲ. ಚೆಂಡು ಹಿಡಿದು ಮುಂದಕ್ಕೆ ಓಡಿದರು, ತಮ್ಮವರಿಗೆ ನೇರವಾಗಿ ಒದ್ದು ಕೊಟ್ಟರು. ತಂಡದ ದಾಳಿಯೇ ಆ ಮೂಲೆಯಿಂದ ಶುರುವಾಗತೊಡಗಿತು. ಕೋಚ್ ರೆಜ್ ಹಿಕ್ಕಿ ಅವರಿಗೆ ಬೇಕಿದ್ದ ವೇಗದ ಆಟವೂ ಅದೇ. 1951, 1952 ಎರಡೂ ವರ್ಷ ಜಿಲಾಂಗ್ ಚಾಂಪಿಯನ್ ಆಯಿತು. 1952-53ರಲ್ಲಿ ಸತತ 23 ಗೆಲುವಿನ ದಾಖಲೆಯನ್ನೂ ಮಾಡಿತು.

1951ರಲ್ಲಿ ಸ್ಮಿತ್‌ಗೆ ಬ್ರೌನ್ಲೋ ಪದಕ, ಅಂದರೆ ಲೀಗ್‌ನಲ್ಲಿ ಆ ವರ್ಷದ ಅತ್ಯುತ್ತಮ ಆಟಗಾರನಿಗೆ ಕೊಡುವ ಪದಕ, ಬಂತು. ಬ್ಯಾಕ್ ಪಾಕೆಟ್ ಆಟಗಾರನಿಗೆ ಅದು ಬಂದದ್ದು ಅದೇ ಮೊದಲು. ಈ ಪದಕಕ್ಕೆ ಮತ ಹಾಕುವವರು ಅಂಪೈರ್‌ಗಳು. ಚೆನ್ನಾಗಿ ಆಡಿದರೆ ಸಾಲದು, ನ್ಯಾಯವಾಗಿಯೂ ಆಡಿರಬೇಕು. ಎದುರಾಳಿಯನ್ನು ತಡೆಯುವುದೇ ಕೆಲಸವಾದವನಿಗೆ ಅದು ಎಷ್ಟು ಕಷ್ಟ, ಅಲ್ವಾ? ಮೈದಾನದಲ್ಲೇ ಹತ್ತಿರ ನಿಂತು ನೋಡಿದವರು ಅವರನ್ನು ಆರಿಸಿದರು ಎಂಬುದು ನನಗೆ ತುಂಬಾ ದೊಡ್ಡದಾಗಿ ಕಾಣುತ್ತದೆ.

ಕೋಲ್ಮನ್ ಹೊಡೆದ ಗೋಲುಗಳನ್ನು ಯಾರು ಬೇಕಾದರೂ ಎಣಿಸಬಹುದು. ಸ್ಮಿತ್ ಆಗಲು ಬಿಡದ ಗೋಲುಗಳು ಯಾವ ಪಟ್ಟಿಯಲ್ಲೂ ಸಿಗುವುದಿಲ್ಲ. 1996ರಲ್ಲಿ ಆಸ್ಟ್ರೇಲಿಯನ್ ಫುಟ್‌ಬಾಲ್ ಲೀಗ್ ತನ್ನ ಶತಮಾನದ ತಂಡ ಆರಿಸಿದಾಗ ಬ್ಯಾಕ್ ಪಾಕೆಟ್‌ನ ಒಂದು ಜಾಗ ಅವರಿಗೇ ಸಿಕ್ಕಿತು. ಮುಂದಿನ ಲೇಖನದಲ್ಲಿ ದಯವಿಟ್ಟು ಅವರಿಗೂ ಒಂದು ಕಾಲಂ ಕೊಡಿ.

ಇಂತಿ,
ಓರ್ವ ಓದುಗ
ಜಿಲಾಂಗ್, ಆಸ್ಟ್ರೇಲಿಯಾ