ಒಂದು ಫೋನಿಗೆ ಸಡಿಲವಾಗುವ ಕಾನೂನು

ಮಾನ್ಯ ಸಂಪಾದಕರೇ,

ಕಳೆದ ತಿಂಗಳು ಮಂಗಳೂರಿನ ಆಸ್ಪತ್ರೆಯಲ್ಲಿದ್ದ ಸಂಬಂಧಿಕರನ್ನು ನೋಡಲು ಚಿಕ್ಕಮಗಳೂರಿನಿಂದ ಬಸ್ಸಿನಲ್ಲಿ ಹೊರಟಿದ್ದೆ. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯತೊಡಗಿದ ಸ್ವಲ್ಪ ಹೊತ್ತಿಗೇ ವಾಹನಗಳ ಸಾಲು ನಿಂತುಬಿಟ್ಟಿತು. ಗುಡ್ಡ ಕುಸಿದಿರಬೇಕೆಂದುಕೊಂಡೆವು, 2019ರ ಮಳೆಗಾಲದ ನಂತರ ಆ ದಾರಿಯಲ್ಲಿ ಬಸ್ಸು ನಿಂತರೆ ಮೊದಲು ಬರುವ ಯೋಚನೆಯೇ ಅದು. ಕಂಡಕ್ಟರ್ ಇಳಿದು ಹೋಗಿ ನೋಡಿಕೊಂಡು ಬಂದಾಗ ತಿಳಿದದ್ದು ಬೇರೆಯೇ. ತಿರುವಿನಲ್ಲಿ ಸಾಲು ತಪ್ಪಿಸಿ ಬಲಕ್ಕೆ ನುಗ್ಗಿದ ಎರಡು ಕಾರುಗಳು, ಕೆಳಗಿನಿಂದ ಹತ್ತಿ ಬರುತ್ತಿದ್ದ ಬಸ್ಸಿಗೆ ಎದುರಾಗಿ, ಹಿಂದೆಯೂ ಸರಿಯಲಾಗದೆ ಮುಂದೆಯೂ ಹೋಗಲಾಗದೆ ಸಿಕ್ಕಿಕೊಂಡಿದ್ದವು. ನಮ್ಮ ಹಿಂದೆ ಎಲ್ಲೋ ಮಂಜಿನೊಳಗೆ ಆಂಬುಲೆನ್ಸ್ ಒಂದು ಕೂಗುತ್ತಲೇ ಇತ್ತು. ದಾರಿ ಬಿಡಿಸಿಕೊಳ್ಳಲು ಮುಕ್ಕಾಲು ಗಂಟೆ ಹಿಡಿಯಿತು.

ಕಿರಿದಾದ ಘಾಟಿ ರಸ್ತೆಯಲ್ಲಿ ಇಳಿಯುವ ವಾಹನವು ಹತ್ತುವ ವಾಹನಕ್ಕೆ ದಾರಿ ಬಿಡಬೇಕೆಂಬುದು ಲಿಖಿತ ನಿಯಮ. ಅದನ್ನು ಪಾಲಿಸಿ ಎಂದು ಹೇಳಲು ಪ್ರತಿ ತಿರುವಿಗೂ ಪೊಲೀಸರನ್ನು ನಿಲ್ಲಿಸಲು ಸಾಧ್ಯವೇ? ಆದರೂ ದಿನನಿತ್ಯ ಓಡಾಡುವ ಚಾಲಕರು ಅದನ್ನು ಪಾಲಿಸುತ್ತಾರೆ. ಇಂದು ನಾನು ನಿಂತರೆ ನಾಳೆ ಎದುರಿನವನು ನಿಲ್ಲುತ್ತಾನೆಂಬ ನಂಬಿಕೆಯೇ ಅದಕ್ಕೆ ಕಾರಣ. ದಂಡದ ಭಯ ಆಮೇಲಿನ ಮಾತು.

ಈ ನಂಬಿಕೆ ಏನೆಂಬುದನ್ನು ನಾನು ಮೊದಲು ಕಂಡದ್ದು ಕಡೂರು ಕಡೆಯ ನಮ್ಮೂರ ಕೆರೆಯ ಕೆಳಗೆ. ತೂಬು ಎತ್ತಿ ಗದ್ದೆಗಳಿಗೆ ಸರದಿಯಂತೆ ನೀರು ಬಿಡುತ್ತಿದ್ದವನು ನೀರುಗಂಟಿ. ಅವನಿಗೆ ಸಂಬಳವಿರಲಿಲ್ಲ, ಸುಗ್ಗಿಯ ಕಣದಲ್ಲಿ ಆಯವೆಂದು ಧಾನ್ಯ ಕೊಡುತ್ತಿದ್ದರು. ಕೈಯಲ್ಲೊಂದು ಗುದ್ದಲಿ ಬಿಟ್ಟರೆ ಬೇರೆ ಅಧಿಕಾರವೂ ಇರಲಿಲ್ಲ. ಹಾಗಿದ್ದರೂ ದೊಡ್ಡಮನೆಯವರು ತಮ್ಮ ಸರದಿ ಬರುವವರೆಗೆ ಬದುವಿನ ಮೇಲೆ ಕುಳಿತು ಕಾಯುತ್ತಿದ್ದುದನ್ನು ನೋಡಿದ್ದೇನೆ, ಏಕೆಂದರೆ ಅವರು ರಾತ್ರೋರಾತ್ರಿ ಕಾಲುವೆ ಒಡೆದಿದ್ದರೆ ಬೆಳಗಾಗುವುದರೊಳಗೆ ಎಲ್ಲರೂ ಒಡೆಯುತ್ತಿದ್ದರು, ಕೊನೆಯ ಗದ್ದೆಯವನ ಪೈರು ಒಣಗುತ್ತಿತ್ತು. ಹಾಗೆಂದು ಹಳೆಯದೆಲ್ಲ ಒಳ್ಳೆಯದಾಗಿತ್ತೆಂದು ಹೇಳಲಾರೆ. ನೀರಿನ ವಿಚಾರದಲ್ಲಿ ಯಾರ ಮಾತಿಗೆ ಊರೇ ತಲೆಬಾಗುತ್ತಿತ್ತೋ ಅದೇ ನೀರುಗಂಟಿಯನ್ನು ಅದೇ ಊರು ಜಗಲಿ ಹತ್ತಿಸುತ್ತಿರಲಿಲ್ಲ. ಅದೂ ಒಂದು ಕಟ್ಟಳೆಯೇ ಆಗಿತ್ತು. ಆ ಕಟ್ಟಳೆಯನ್ನು ಅಪರಾಧವೆಂದು ಸಾರಿದ್ದು ಸಂವಿಧಾನದ 17ನೇ ವಿಧಿ, ಅಂದರೆ ಕಾನೂನೇ.

ಈಗ ನಮ್ಮ ನಗರದಲ್ಲಿ ಕಂಡದ್ದನ್ನು ಹೇಳುತ್ತೇನೆ. ಕೆಲವು ದಿನಗಳ ಹಿಂದೆ ವೃತ್ತವೊಂದರಲ್ಲಿ ನನ್ನ ಸ್ಕೂಟರನ್ನು ತಡೆದರು. ಹೊಗೆ ತಪಾಸಣೆ ಪ್ರಮಾಣಪತ್ರದ ಅವಧಿ ಮುಗಿದಿತ್ತು. ತಪ್ಪು ನನ್ನದು, ದಂಡ ಕಟ್ಟಿ ರಸೀದಿ ಪಡೆದೆ. ಪಕ್ಕದಲ್ಲೇ ಶಾಲಾ ಸಮವಸ್ತ್ರದ ಮೂವರು ಹುಡುಗರು ಒಂದೇ ಗಾಡಿಯಲ್ಲಿ, ಹೆಲ್ಮೆಟ್ ಇಲ್ಲದೆ ಸಿಕ್ಕಿಬಿದ್ದಿದ್ದರು. ಒಬ್ಬ ಹುಡುಗ ಅಪ್ಪನಿಗೆ ಫೋನ್ ಮಾಡಿದ, ಅಪ್ಪ ಇನ್ಯಾರಿಗೋ ಮಾಡಿದರು, ಆ ‘ಇನ್ಯಾರೋ’ ಮಾಡಿದ ಕರೆ ಐದು ನಿಮಿಷದಲ್ಲಿ ಅಲ್ಲಿಗೇ ಬಂತು. ಹುಡುಗರು ಅದೇ ಗಾಡಿಯಲ್ಲಿ, ಮೂವರೂ ಕೂತು, ನನ್ನನ್ನು ದಾಟಿಕೊಂಡು ಹೋದರು. ಕೈಯಲ್ಲಿ ರಸೀದಿ ಹಿಡಿದು ನಿಂತಿದ್ದ ನನಗೆ, ಸುಳ್ಳೇಕೆ ಹೇಳಲಿ, ನಾನೇ ಪೆದ್ದನೆನಿಸಿತು.

ಅಪ್ರಾಪ್ತರು ವಾಹನ ಚಲಾಯಿಸಿ ಅಪರಾಧವೆಸಗಿದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಸೆರೆವಾಸ, ವಾಹನದ ನೋಂದಣಿ 12 ತಿಂಗಳು ರದ್ದು ಎಂದು 2019ರ ತಿದ್ದುಪಡಿಯ ನಂತರದ ಮೋಟಾರು ವಾಹನ ಕಾಯ್ದೆ ಹೇಳುತ್ತದೆ. ಇದಕ್ಕಿಂತ ಕಠಿಣ ಕಾನೂನು ಬೇಕೆಂದು ಯಾರಾದರೂ ಕೇಳಿದರೆ ನನಗೆ ನಗು ಬರುತ್ತದೆ. ಇರುವ ಕಾನೂನೇ ಒಂದು ಕರೆಗೆ ಕರಗುವಾಗ ದಂಡವನ್ನು ಹತ್ತು ಪಟ್ಟು ಹೆಚ್ಚಿಸಿದರೂ ಹೆಚ್ಚುವುದು ಆ ಕರೆಯ ಬೆಲೆ ಮಾತ್ರ. ನಿಯಮ ಮುರಿದ ಹುಡುಗರಿಗಿಂತ, 14ನೇ ವಿಧಿ ಕೊಟ್ಟ ಸಮಾನತೆಯನ್ನು ಹೀಗೆ ನಡುಬೀದಿಯಲ್ಲಿ ಮುರಿಯುವ ದೊಡ್ಡವರೇ ಹೆಚ್ಚು ಹಾನಿ ಮಾಡುತ್ತಿದ್ದಾರೆಂಬುದು ನನ್ನ ಅಭಿಪ್ರಾಯ.

ಜಿಲ್ಲೆಯ ಹಿರಿಯ ಅಧಿಕಾರಿಗಳಲ್ಲಿ ನನ್ನದೊಂದು ವಿನಂತಿ. ತಡೆದ ವಾಹನವನ್ನು ಬಿಡಿಸಲು ಬರುವ ಪ್ರತಿಯೊಂದು ಕರೆಯನ್ನೂ, ಮಾಡಿದವರ ಹೆಸರು ಮತ್ತು ಹುದ್ದೆಯ ಸಮೇತ ಠಾಣೆಯ ದಿನಚರಿಯಲ್ಲಿ ಬರೆದಿಡಲು ಸಿಬ್ಬಂದಿಗೆ ಸೂಚಿಸಲಿ, ಹಾಗೆ ಬರೆದ ಕಾನ್‌ಸ್ಟೆಬಲ್‌ಗೆ ವರ್ಗಾವಣೆಯ ಕಾಟ ಬಾರದಂತೆಯೂ ನೋಡಿಕೊಳ್ಳಲಿ.

ಇತಿ,
ನಿವೃತ್ತ ಶಿಕ್ಷಕ, ಚಿಕ್ಕಮಗಳೂರು