ಮಾರ್ಷ್‌ಮ್ಯಾಲೋ ಪುಸ್ತಕ ಓದಿದ ಗೆಳೆಯನಿಗೆ

ಪ್ರೀತಿಯ ಗೆಳೆಯಾ,

ನಿನ್ನ ಮೆಸೇಜು ಓದಿದೆ. ಮಗನ ಮುಂದೆ ಚಾಕೊಲೇಟ್ ಇಟ್ಟು, ಹದಿನೈದು ನಿಮಿಷ ಕಾದರೆ ಎರಡು ಕೊಡ್ತೀನಿ ಅಂದೆಯಂತೆ. ನೀನು ಬಾಗಿಲು ದಾಟುವಷ್ಟರಲ್ಲಿ ಅವನು ಬಾಯಿಗೆ ಹಾಕಿಕೊಂಡನಂತೆ. ಮಾರ್ಷ್‌ಮ್ಯಾಲೋ ಎಂಬ ಮೆತ್ತನೆ ಸಿಹಿತಿಂಡಿ ಮುಂದಿದ್ದರೂ ಕಾದ ಮಕ್ಕಳೇ ಮುಂದೆ ಓದಿನಲ್ಲಿ ಗೆಲ್ಲುತ್ತಾರೆ ಅಂತ ಪುಸ್ತಕದಲ್ಲಿ ಓದಿದ್ದೀಯ, ಹಾಗಾಗಿ ಇವನ ಮುಂದಿನ ಓದು ಅಷ್ಟಕ್ಕಷ್ಟೇ ಅಂತ ಈಗ ನಿನ್ನ ತಲೆಬಿಸಿ. ಮೊದಲು ಆ ಮಗುವಿಗೆ ಎರಡನೇ ಚಾಕೊಲೇಟ್ ಕೊಡು ಮಾರಾಯ. ಆಮೇಲೆ ಪುಸ್ತಕದ ಕೊನೆಗೆ ಹೋಗಿ ಆ ಅಧ್ಯಾಯದ ಟಿಪ್ಪಣಿ ತೆಗೆ.

ಈ ಪ್ರಯೋಗ ಶುರುವಾದದ್ದು 1960ರ ದಶಕದ ಕೊನೆಯಲ್ಲಿ, ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಆವರಣದ ಬಿಂಗ್ ಶಿಶುವಿಹಾರದಲ್ಲಿ. ಮನೋವಿಜ್ಞಾನಿ ವಾಲ್ಟರ್ ಮಿಶೆಲ್ ಮತ್ತು ಸಂಗಡಿಗರು ಕೆಲವೇ ವರ್ಷಗಳಲ್ಲಿ 600ಕ್ಕೂ ಹೆಚ್ಚು ಮಕ್ಕಳನ್ನು ನೋಡಿದರು. ಯಾವ ಮಗು ಮುಂದೆ ಬರುತ್ತದೆ ಎಂದು ಅಳೆಯುವುದು ಆಗ ಅವರ ಉದ್ದೇಶವೇ ಆಗಿರಲಿಲ್ಲ. ಕಾಯುವುದಕ್ಕೆ ಯಾವ ಉಪಾಯ ನೆರವಾಗುತ್ತದೆ ಎಂಬುದು ಅವರ ಪ್ರಶ್ನೆ. ತಿಂಡಿ ಮುಚ್ಚಿಟ್ಟಾಗ, ಬೇರೇನಾದರೂ ನೆನೆಸಿಕೋ ಎಂದು ಹೇಳಿಕೊಟ್ಟಾಗ ಮಕ್ಕಳು ಹೆಚ್ಚು ಹೊತ್ತು ಕಾದರು. ಅಪ್ಪ-ಅಮ್ಮಂದಿರಿಗೆ ಉಪಯೋಗಕ್ಕೆ ಬರುವ ಭಾಗ ಇದು. ಜನಪ್ರಿಯ ಪುಸ್ತಕಗಳು ಇದನ್ನು ಒಂದೆರಡು ಸಾಲಲ್ಲಿ ಮುಗಿಸಿಬಿಡುತ್ತವೆ.

ಭವಿಷ್ಯ ಹೇಳುವ ಮಾತು ಬಂದದ್ದು ಅವರದೇ 1990ರ ಪ್ರಬಂಧದಿಂದ. ಕಾದ ಹೊತ್ತಿಗೂ ಮುಂದಿನ ಎಸ್‌ಎಟಿ (ಅಮೆರಿಕದ ಕಾಲೇಜು ಪ್ರವೇಶ ಪರೀಕ್ಷೆ) ಅಂಕಗಳಿಗೂ ಬಲವಾದ ನಂಟು ಕಂಡದ್ದು ಒಂದೇ ಗುಂಪಿನಲ್ಲಿ, ತಿಂಡಿ ಕಣ್ಣೆದುರೇ ಇದ್ದು ಯಾವ ಉಪಾಯವನ್ನೂ ಹೇಳಿಕೊಡದ ಮಕ್ಕಳಲ್ಲಿ. ಅವರಲ್ಲಿ ಅಂಕ ಸಿಕ್ಕಿದ್ದು 35 ಮಕ್ಕಳದ್ದು. ಗುಂಪು ಚಿಕ್ಕದು, ನಂಟು ಇರುವುದಕ್ಕಿಂತ ದೊಡ್ಡದಾಗಿ ಕಂಡಿರಬಹುದು ಎಂದು ಬರೆದವರೇ ಎಚ್ಚರಿಸಿದ್ದರು. 2018ರಲ್ಲಿ ಟೈಲರ್ ವಾಟ್ಸ್ ಮತ್ತು ಜೊತೆಗಾರರು 900ಕ್ಕೂ ಹೆಚ್ಚು ಮಕ್ಕಳ ಮಾಹಿತಿ ತೆಗೆದು ನೋಡಿದಾಗ ನಂಟು ಸುಮಾರು ಅರ್ಧಕ್ಕೆ ಇಳಿದಿತ್ತು. ಮನೆಯ ಪರಿಸ್ಥಿತಿ, ಮಗುವಿನ ಆಗಿನ ಕಲಿಕೆ ಇವನ್ನೂ ಲೆಕ್ಕಕ್ಕೆ ಹಿಡಿದಾಗ ಆ ಅರ್ಧದಲ್ಲೂ ಮೂರರಲ್ಲಿ ಎರಡು ಪಾಲು ಕರಗಿತು.

ಚಿಕ್ಕ ಗುಂಪು ಯಾಕೆ ಮೋಸ ಮಾಡುತ್ತದೆ ಅಂತ ನೀನು ಕೇಳಬಹುದು. ನಾಣ್ಯ ಹತ್ತು ಸಲ ಚಿಮ್ಮು. ಏಳೋ ಅದಕ್ಕಿಂತ ಹೆಚ್ಚೋ ರಾಜ ಬೀಳುವ ಸಾಧ್ಯತೆ ಸುಮಾರು ಆರರಲ್ಲಿ ಒಂದು. ನೂರು ಸಲ ಚಿಮ್ಮಿದರೆ ಎಪ್ಪತ್ತು ದಾಟುವುದು ಇಪ್ಪತ್ತು ಸಾವಿರಕ್ಕೆ ಒಮ್ಮೆಯೂ ಕಷ್ಟ. ಚಿಕ್ಕ ಗುಂಪಿನಲ್ಲಿ ದೊಡ್ಡ ವ್ಯತ್ಯಾಸ ಬರೀ ಅದೃಷ್ಟದಿಂದಲೇ ಬರಬಹುದು. ಅಂಥದ್ದೇ ಅಚ್ಚಾಗುತ್ತದೆ, ಏನೂ ಕಾಣದ ಪ್ರಯೋಗ ಡ್ರಾಯರಿನಲ್ಲೇ ಉಳಿಯುತ್ತದೆ. ಲೇಖಕನ ಕೈಗೆ ಸಿಗುವುದು ಸೋಸಿದ ಮೇಲೆ ಉಳಿದ ರೋಚಕ ಫಲಿತಾಂಶಗಳು ಮಾತ್ರ. 2015ರಲ್ಲಿ ಮನೋವಿಜ್ಞಾನದ ನೂರು ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿದರು. ಮೊದಲ ಸಲ ಶೇಕಡಾ 97ರಷ್ಟು ಅಧ್ಯಯನಗಳಲ್ಲಿ ಫಲಿತಾಂಶ ಗಟ್ಟಿಯಾಗಿತ್ತು, ಎರಡನೇ ಸಲ ಶೇಕಡಾ 36ರಲ್ಲಿ.

ಎಷ್ಟು ಜನ ಅನ್ನುವುದರ ಜೊತೆಗೆ, ಯಾರು ಹೇಗೆ ಅಳೆದರು ಅಂತಲೂ ನೋಡು. ಮುಪ್ಪಿಗೆ ಸಂಬಂಧಿಸಿದ ಪದಗಳನ್ನು ಓದಿದ ವಿದ್ಯಾರ್ಥಿಗಳು ಆಮೇಲೆ ನಿಧಾನವಾಗಿ ನಡೆದರು ಎಂದು 1996ರಲ್ಲಿ ಜಾನ್ ಬಾರ್ಗ್ ತಂಡ ವರದಿ ಮಾಡಿತ್ತು. 2012ರಲ್ಲಿ ಬ್ರಸೆಲ್ಸ್‌ನವರು ಇನ್‌ಫ್ರಾರೆಡ್ ಸೆನ್ಸರ್ ಇಟ್ಟು ಅಳೆದಾಗ ಮೊದಲಿನ ಫಲಿತಾಂಶ ಸಿಗಲಿಲ್ಲ. ಬ್ರಸೆಲ್ಸ್ ತಂಡದ ಇನ್ನೊಂದು ಪ್ರಯೋಗದಲ್ಲಿ, ಇವರು ನಿಧಾನ ನಡೆಯುತ್ತಾರೆ ಎಂದು ನಂಬಿಸಿದ್ದ ಪರೀಕ್ಷಕರ ಸ್ಟಾಪ್‌ವಾಚಿನಲ್ಲಿ ನಿಧಾನ ಕಂಡಿತು.

ಹೀಗಂತ ಪುಸ್ತಕ ರದ್ದಿಗೆ ಹಾಕಬೇಡ. ಒಂದು ಅಧ್ಯಾಯದಲ್ಲಿ ನಿನ್ನ ನಡವಳಿಕೆ ಬದಲಿಸುವಂಥ ಒಂದೇ ಮಾತನ್ನು ಆರಿಸಿಕೋ, ಉಳಿದದ್ದನ್ನು ಕತೆಯಂತೆ ಓದು. ಆ ಮಾತಿನ ಮೂಲ ಪ್ರಬಂಧದ ಹೆಸರನ್ನು ಗೂಗಲ್ ಸ್ಕಾಲರ್‌ನಲ್ಲಿ ಹಾಕು. ಅದನ್ನು ಉಲ್ಲೇಖಿಸಿದವರ ಪಟ್ಟಿ ಕೆಳಗೇ ಇರುತ್ತದೆ. ಆ ಪಟ್ಟಿಯೊಳಗೇ ‘ರೆಪ್ಲಿಕೇಷನ್’ (ಮರುಪ್ರಯೋಗ) ಎಂದು ಇಂಗ್ಲಿಷಿನಲ್ಲಿ ಹುಡುಕು. ಹತ್ತು ನಿಮಿಷದ ಕೆಲಸ. ‘ಅಪಾಯ ಎರಡು ಪಟ್ಟು’ ಅಂತ ಬರೆದಿದ್ದರೆ ಯಾವುದರ ಎರಡು ಪಟ್ಟು ಅಂತ ಕೇಳು, ಸಾವಿರಕ್ಕೆ ಒಂದು ಇದ್ದದ್ದು ಎರಡಾದರೂ ಎರಡು ಪಟ್ಟೇ. ಟಿಪ್ಪಣಿಯೇ ಇಲ್ಲದೆ ‘ವಿಜ್ಞಾನಿಗಳು ಹೇಳುತ್ತಾರೆ’ ಎಂದು ಮುಗಿಸುವ ಪುಸ್ತಕವನ್ನು ಮಾತ್ರ ಅಂಗಡಿಯಲ್ಲೇ ಬಿಟ್ಟು ಬಾ.

ಸಮಾಜದ ಬಗೆಗಿನ ಪುಸ್ತಕಕ್ಕೆ ಈ ಎಣಿಕೆ ಸಾಲದು. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರು 1948ರಲ್ಲಿ ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ ಉಳಿದು, ಅದನ್ನು ‘ರಾಂಪುರ’ ಎಂದು ಕರೆದರು. 1970ರಲ್ಲಿ ಸ್ಟ್ಯಾನ್‌ಫರ್ಡಿನಲ್ಲೇ ಬಿದ್ದ ಬೆಂಕಿಗೆ ಅವರು ಒಪ್ಪ ಮಾಡಿಟ್ಟುಕೊಂಡಿದ್ದ ಟಿಪ್ಪಣಿಗಳ ಮೂರೂ ಪ್ರತಿ ಸುಟ್ಟುಹೋದವು. ಆ ಹಳ್ಳಿಯ ಬಗ್ಗೆ 1976ರಲ್ಲಿ ಬಂದ ಅವರ ಪುಸ್ತಕ ಬಹುಪಾಲು ನೆನಪಿನಿಂದ ಬರೆದದ್ದು. ಇಲ್ಲಿ ಕೇಳಬೇಕಾದದ್ದು ಬರೆದವರು ಯಾರ ಮನೆಯಲ್ಲಿ ಉಳಿದರು, ಯಾವ ಕೇರಿಗೆ ಸಲೀಸಾಗಿ ಹೋಗಲಾಗಲಿಲ್ಲ ಎಂಬುದು. ಶ್ರೀನಿವಾಸರು ಉಳಿದದ್ದು ಊರ ಪಟೇಲರ ಆಶ್ರಯದಲ್ಲಿ, ಅದನ್ನು ಮುಚ್ಚಿಟ್ಟಿಲ್ಲ. ನನಗಂತೂ ಆ ಪುಸ್ತಕದ ಮೇಲೆ ನಂಬಿಕೆ ಹೆಚ್ಚಾದದ್ದೇ ಅದರಿಂದ.

ಮನೋವಿಜ್ಞಾನಿ ಡೇನಿಯಲ್ ಕಾನಮನ್‌ರ 2011ರ ದಪ್ಪ ಪುಸ್ತಕ ‘ಥಿಂಕಿಂಗ್, ಫಾಸ್ಟ್ ಅಂಡ್ ಸ್ಲೋ’ ಕೊಳ್ಳಲೇ ಅಂದಿದ್ದೀಯ. ಕೊಳ್ಳು. ಪ್ರೈಮಿಂಗ್ (ಮುಪ್ಪಿನ ಪದಗಳ ಪ್ರಯೋಗದ ಹಾಗೆ, ಓದಿದ್ದು ಕಂಡದ್ದು ನಮಗೆ ತಿಳಿಯದೆ ನಡವಳಿಕೆ ಬದಲಿಸುವುದು) ಬಗೆಗಿನ 4ನೇ ಅಧ್ಯಾಯದ ಪಕ್ಕದಲ್ಲಿ ಪೆನ್ಸಿಲಿನಿಂದ ಒಂದು ಪ್ರಶ್ನೆ ಗುರುತು ಹಾಕಿಕೋ, ಚಿಕ್ಕ ಅಧ್ಯಯನಗಳನ್ನು ಅತಿಯಾಗಿ ನಂಬಿದೆ ಎಂದು 2017ರಲ್ಲಿ ಅವರೇ ಒಪ್ಪಿಕೊಂಡರು. ಮೊದಲು ಕಿವಿಗೆ ಬಿದ್ದ ಬೆಲೆ ನಮ್ಮ ಅಂದಾಜನ್ನು ಹೇಗೆ ಎಳೆಯುತ್ತದೆ ಅನ್ನುವುದು 11ನೇ ಅಧ್ಯಾಯ, ಅದು ಮರುಪ್ರಯೋಗಗಳಲ್ಲೂ ಗಟ್ಟಿ ನಿಂತಿದೆ. ಸೈಟಿನ ವ್ಯಾಪಾರಕ್ಕೆ ಕೂರುವ ಮೊದಲು ಅದನ್ನು ಓದಿಬಿಡು.

ಇಂತಿ ನಿನ್ನ
ಗೆಳೆಯ